ಮರ ಕೊಯ್ಯುವ ಮಿಷನ್: ಸಿಸಿ ಎಷ್ಟು ಅನ್ನುವ ಮೊದಲು ಅದುರು ಎಷ್ಟು ಅಂತ ಕೇಳಿ

ಏಪ್ರಿಲ್ ಹತ್ತಿರ ಬಂದರೆ ಮೂಡಿಗೆರೆ, ಸಕಲೇಶಪುರ, ಸೋಮವಾರಪೇಟೆ ಕಡೆ ತೋಟದವರೆಲ್ಲ ಚೈನ್ ಸಾ ವಿಚಾರಿಸಲು ಶುರು ಮಾಡುತ್ತಾರೆ. ಮಳೆಗೆ ಮುಂಚೆ ಮರಗಸಿ, ಅಂದರೆ ನೆರಳು ಮರಗಳ ಕೊಂಬೆ ಸವರುವ ಕೆಲಸ, ಮುಗಿಯಬೇಕು, ಕೊಯ್ದ ಸಿಲ್ವರ್ ಓಕ್ ಲೋಡ್ ಆಗಬೇಕು, ಜೂನ್ ಗಾಳಿಗೆ ದಾರಿಗೆ ಅಡ್ಡ ಬೀಳುವ ಮರ ತೆಗೆಯಲು ಮನೆಯಲ್ಲಿ ಒಂದು ಮಿಷನ್ ರೆಡಿ ಇರಬೇಕು. ಅಂಗಡಿಗೆ ಹೋದವರು ಕೇಳುವ ಮೊದಲ ಪ್ರಶ್ನೆ ಸಿಸಿ ಎಷ್ಟು. ಎರಡನೆಯದು ರೇಟ್ ಎಷ್ಟು. ಅಲ್ಲಿಗೆ ಮಾತು ಮುಗಿಯುತ್ತದೆ.

ನನ್ನ ತಕರಾರು ಇಲ್ಲೇ ಇರುವುದು. ನಮ್ಮ ತೋಟಗಳಲ್ಲಿ ಮಿಷನ್ ಕೊಳ್ಳುವವರು ಒಬ್ಬರು, ದಿನವಿಡೀ ಅದನ್ನು ಹಿಡಿದು ನಿಲ್ಲುವವರು ಇನ್ನೊಬ್ಬರು. ಕೊಳ್ಳುವವರು ಬಿಲ್ ನೋಡುತ್ತಾರೆ. ಹಿಡಿಯುವವರ ಕೈಗೆ ಏನಾಗುತ್ತದೆ ಅನ್ನುವುದು ಬಿಲ್‌ನಲ್ಲಿ ಬರುವುದಿಲ್ಲ. ಆದರೆ ಒಳ್ಳೆ ಕಂಪನಿಯ ಮಿಷನ್ ಜೊತೆ ಬರುವ ಪುಸ್ತಕದಲ್ಲಿ ಅದುರು, ಅಂದರೆ ಮಿಷನ್ ಓಡುವಾಗ ಕೈಗೆ ಬರುವ ನಡುಕ, ಎಷ್ಟು ಅಂತ ಬರೆದಿರುತ್ತದೆ, ಎರಡೇ ಎರಡು ಅಂಕಿಗಳಲ್ಲಿ, ಎಡಗೈಗೆ ಇಷ್ಟು ಬಲಗೈಗೆ ಇಷ್ಟು ಅಂತ. ಆ ಎರಡು ಅಂಕಿ ಓದಲು ಗೊತ್ತಿದ್ದರೆ ಅರ್ಧ ಆಯ್ಕೆ ಮುಗಿದ ಹಾಗೆ.

ಮೊದಲು ಪವರ್ ವಿಷಯ ಮುಗಿಸಿಬಿಡೋಣ.

ಸಿಸಿ ಅಂದರೆ ಸಿಲಿಂಡರ್‌ನ ಗಾತ್ರ ಮಾತ್ರ. ಅದರಿಂದ ಎಷ್ಟು ಕೆಲಸ ಹೊರಗೆ ಬರುತ್ತದೆ ಅನ್ನುವುದು ಕಿಲೋವ್ಯಾಟ್‌ನಲ್ಲಿ ಗೊತ್ತಾಗುತ್ತದೆ. ಒಂದು ಕಿಲೋವ್ಯಾಟ್ ಅಂದರೆ ಸುಮಾರು 1.36 ಎಚ್‌ಪಿ. ಸ್ಟಿಲ್ ಕಂಪನಿಯ ಎರಡು ಮಿಷನ್ ತಗೊಳ್ಳಿ. ಎಂಎಸ್ 250 ಇರುವುದು 45.4 ಸಿಸಿ, 2.3 ಕಿಲೋವ್ಯಾಟ್, 4.6 ಕೆಜಿ. ಎಂಎಸ್ 261 ಇರುವುದು 50.2 ಸಿಸಿ, 3 ಕಿಲೋವ್ಯಾಟ್, 4.9 ಕೆಜಿ. ಸಿಸಿಯಲ್ಲಿ ಐದರಷ್ಟೂ ವ್ಯತ್ಯಾಸ ಇಲ್ಲ, ತೂಕದಲ್ಲಿ 300 ಗ್ರಾಂ, ಆದರೆ ಪವರ್ ಶೇ. 30ರಷ್ಟು ಜಾಸ್ತಿ. ಮೊದಲನೆಯದು ರೈತರಿಗೆ, ಮನೆ ಬಳಕೆಗೆ ಅಂತ ಮಾಡಿದ್ದು. ಎರಡನೆಯದು ದಿನವೂ ಮರ ಕೊಯ್ಯುವವರಿಗೆ ಅಂತ ಮಾಡಿದ್ದು. ಅಂಗಡಿಯ ಶೆಲ್ಫಿನಲ್ಲಿ ಎರಡೂ ಅಕ್ಕಪಕ್ಕ ಕೂತರೆ ಅಣ್ಣ ತಮ್ಮನ ಹಾಗೆ ಕಾಣುತ್ತವೆ, ರೇಟ್ ಮಾತ್ರ ಯಾಕೆ ಇಷ್ಟು ದೂರ ಅಂತ ಎಲ್ಲರೂ ಕೇಳುತ್ತಾರೆ. ಉತ್ತರ ಪವರ್‌ನಲ್ಲಿ ಸ್ವಲ್ಪ ಇದೆ, ಉಳಿದದ್ದೆಲ್ಲ ಹ್ಯಾಂಡಲ್‌ನಲ್ಲಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಆನ್‌ಲೈನಿನಲ್ಲಿ ಹತ್ತು ಸಾವಿರದೊಳಗೆ ಸಿಗುವ 58 ಸಿಸಿ ಮಿಷನ್‌ಗಳ ಬಗ್ಗೆಯೂ ಹೇಳಬೇಕು, ಯಾಕೆಂದರೆ ಈಗ ಪ್ರತಿ ಊರಿನಲ್ಲೂ ಒಂದೆರಡು ಇವೆ. ಬೇರೆ ಬೇರೆ ಹೆಸರು, ಬೇರೆ ಬೇರೆ ಬಣ್ಣ, ಒಳಗೆ ಹೆಚ್ಚುಕಡಿಮೆ ಅದೇ ಚೈನಾ ಎಂಜಿನ್. ಕೊಳ್ಳುವ ಮುಂಚೆ ಬೋರ್ (ಸಿಲಿಂಡರ್‌ನ ಅಡ್ಡಳತೆ) ಎಷ್ಟು, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಎಷ್ಟು ಅಂತ ನೋಡಿ. ಈ ಜಾತಿಯವುಗಳಲ್ಲಿ ಸಾಮಾನ್ಯವಾಗಿ 45.2 ಮಿಮೀ ಬೋರ್, 34 ಮಿಮೀ ಸ್ಟ್ರೋಕ್ ಇರುತ್ತದೆ. ಸಿಲಿಂಡರ್‌ನ ಗಾತ್ರ ಲೆಕ್ಕ ಹಾಕಿದರೆ 54.6 ಸಿಸಿ ಬರುತ್ತದೆ, ಸ್ಟಿಕ್ಕರ್ ಮೇಲೆ 58 ಅಂತ ಇರುತ್ತದೆ. ವರ್ಷಕ್ಕೆ ನಾಲ್ಕು ಸಲ ಬಿದ್ದ ಅಡಿಕೆ ಮರವನ್ನೋ ಸೌದೆಯನ್ನೋ ಕೊಯ್ಯಲು ಇದು ಸಾಕಾಗುತ್ತದೆ, ಅದನ್ನು ನಾನು ಇಲ್ಲ ಅನ್ನುವುದಿಲ್ಲ. ಆದರೆ ಎಷ್ಟೋ ಡಬ್ಬಿಗಳ ಮೇಲೆ ಅದುರಿನ ಅಂಕಿಯೇ ಇರುವುದಿಲ್ಲ. ಅಂಕಿ ಕೊಡದ ಮಿಷನ್ ಅನ್ನು ಕೂಲಿಯವರ ಕೈಗೆ ಇಡೀ ದಿನ ಕೊಡುವುದು ಸರಿ ಅಂತ ನನಗೆ ಅನ್ನಿಸುವುದಿಲ್ಲ.

ಪವರ್ ಎಷ್ಟು ಬೇಕು ಅನ್ನುವುದು ಮರದ ದಪ್ಪದ ಮೇಲೆ. ನಮ್ಮ ಕಡೆ ಮರವನ್ನು ಸುತ್ತಳತೆಯಲ್ಲೇ ಹೇಳುವುದು, ಐದಡಿ ಸುತ್ತಳತೆ ಅಂದರೆ ಅಡ್ಡಕ್ಕೆ 19 ಇಂಚು ಮಾತ್ರ. ಇದು ಎಷ್ಟೋ ಜನರಿಗೆ ಹೊಳೆಯುವುದಿಲ್ಲ. ಐದಡಿ ಮರ ಅಂದ ತಕ್ಷಣ 24 ಇಂಚು ಬಾರ್ (ಚೈನ್ ಸುತ್ತುವ ಉದ್ದ ಪಟ್ಟಿ) ಬೇಕು ಅಂತ ದೊಡ್ಡ ಮಿಷನ್‌ಗೆ ಕೈ ಹಾಕುತ್ತಾರೆ. 18 ಇಂಚಿನ ಬಾರ್ ಇರುವ 50 ಸಿಸಿ ಮಿಷನ್‌ನಲ್ಲಿ ಎರಡೂ ಬದಿಯಿಂದ ಕೊಯ್ದರೆ ಅಂಥ ಮರ ಆರಾಮಾಗಿ ಬೀಳುತ್ತದೆ. ಹಸಿ ಸಿಲ್ವರ್ ಓಕ್ ಅಂತೂ ಮೆತ್ತಗಿನ ಮರ. ಒಣಗಿ ನಿಂತ ಹೊನ್ನೆ, ಮತ್ತಿ, ಹಳೆ ಅಕೇಶಿಯಾ ಇವುಗಳ ಜೊತೆ ಗುದ್ದಾಡುವವರಿಗೆ ಮಾತ್ರ ಮುಂದಿನ ಸೈಜ್ ಬೇಕಾಗುತ್ತದೆ.

ಇನ್ನು ಅದುರು.

ಮಿಷನ್ ಹಿಡಿದ ಕೈಗೆ ಬರುವ ಅದುರನ್ನು ಮೀಟರ್ ಪ್ರತಿ ಸೆಕೆಂಡ್ ಸ್ಕ್ವೇರ್ ಅನ್ನುವ ಅಳತೆಯಲ್ಲಿ ಹೇಳುತ್ತಾರೆ. ಎಂಎಸ್ 180, ಅಂದರೆ ನಮ್ಮ ಕಡೆ ಮನೆಮನೆಯಲ್ಲೂ ಕಾಣುವ 31.8 ಸಿಸಿಯ ಚಿಕ್ಕ ಮಿಷನ್, ಅದರ ಅಂಕಿ ಎಡಗೈಗೆ 6.6, ಬಲಗೈಗೆ 7.8. ಎಂಎಸ್ 250ಕ್ಕೆ 5.7 ಮತ್ತು 6.8. ಎಂಎಸ್ 261ಕ್ಕೆ ಎರಡೂ ಕೈಗೆ 3.5. ಇನ್ನೊಂದು ಸಲ ಓದಿ. ಚಿಕ್ಕ ಮಿಷನ್ ಜಾಸ್ತಿ ಅದುರುತ್ತದೆ, ದೊಡ್ಡದು ಹೆಚ್ಚುಕಡಿಮೆ ಅದರ ಅರ್ಧದಷ್ಟೇ ಅದುರುತ್ತದೆ. ಚಿಕ್ಕದು ಹಗುರ ಇದೆ, ಕೈಗೆ ಸುಖ ಅಂತ ಅಂದುಕೊಂಡಿದ್ದರೆ ಲೆಕ್ಕ ಉಲ್ಟಾ.

ಯಾಕೆ ಹೀಗೆ? ಪ್ರೊಫೆಷನಲ್ ಮಿಷನ್‌ನಲ್ಲಿ ಎಂಜಿನ್, ಬಾರ್, ಚೈನ್ ಇವೆಲ್ಲ ಒಂದು ಭಾಗ. ಎರಡು ಹ್ಯಾಂಡಲ್ ಮತ್ತು ಟ್ಯಾಂಕ್ ಇನ್ನೊಂದು ಭಾಗ. ಎರಡರ ಮಧ್ಯೆ ಸ್ಟೀಲ್ ಸ್ಪ್ರಿಂಗ್‌ಗಳು ಕೂತಿರುತ್ತವೆ. ಹ್ಯಾಂಡಲ್ ಹಿಡಿದು ಬಾರ್ ಅನ್ನು ಅಲ್ಲಾಡಿಸಿದರೆ ಎರಡು ಭಾಗಗಳು ಬೇರೆಬೇರೆಯಾಗಿ ತುಸು ಆಡುವುದು ಕಣ್ಣಿಗೇ ಕಾಣುತ್ತದೆ. ಕಡಿಮೆ ರೇಟಿನ ಮಿಷನ್‌ಗಳಲ್ಲಿ ಈ ಕೆಲಸವನ್ನು ಹೆಚ್ಚಾಗಿ ರಬ್ಬರ್ ಗುಂಡುಗಳೇ ಮಾಡುತ್ತವೆ. ರಬ್ಬರ್ ಹೊಸದಿದ್ದಾಗ ಪರವಾಗಿಲ್ಲ. ಬಿಸಿಲು, ಪೆಟ್ರೋಲ್, ಎಂಜಿನ್ ಶಾಖ ಸೇರಿ ಅದು ಗಟ್ಟಿಯಾಗುತ್ತದೆ, ಬಿರುಕು ಬಿಡುತ್ತದೆ, ಆಮೇಲೆ ಅದುರು ನೇರ ಕೈಗೆ.

ಈಗ ಇದನ್ನು ಗಂಟೆಗೆ ತರೋಣ. ಯುರೋಪಿನಲ್ಲಿ 2002ರಿಂದ ಇದಕ್ಕೊಂದು ಕಾನೂನು ಇದೆ. ಎಂಟು ಗಂಟೆಯ ದಿನಕ್ಕೆ ಸರಾಸರಿ 2.5 ಮುಟ್ಟಿದರೆ ಕೆಲಸ ಕೊಡುವವರು ಅದುರು ಕಡಿಮೆ ಮಾಡುವ ಕ್ರಮ ತಗೊಳ್ಳಲೇಬೇಕು. 5 ಅನ್ನುವುದು ದಾಟಲೇಬಾರದ ಗೆರೆ. ನಾವು ಆ ಕಾನೂನಿನಲ್ಲಿ ಇಲ್ಲದಿದ್ದರೂ ಬೆರಳು ಎಲ್ಲರದೂ ಒಂದೇ ತಾನೇ, ಲೆಕ್ಕವನ್ನು ಧಾರಾಳವಾಗಿ ಬಳಸಬಹುದು. 3.5 ಅದುರುವ ಮಿಷನ್ ಹಿಡಿದರೆ ಮೊದಲ ಗೆರೆ ಮುಟ್ಟಲು ನಾಲ್ಕು ಗಂಟೆ ಹಿಡಿಯುತ್ತದೆ, ಎರಡನೆಯ ಗೆರೆ ಇಡೀ ದಿನ ಓಡಿಸಿದರೂ ಬರುವುದಿಲ್ಲ. 7 ಅದುರುವ ಮಿಷನ್ ಹಿಡಿದರೆ ಮೊದಲ ಗೆರೆ ಒಂದೇ ಗಂಟೆಗೆ, ಎರಡನೆಯ ಗೆರೆ ನಾಲ್ಕು ಗಂಟೆಗೆ. ಅದುರು ಎರಡರಷ್ಟಾದರೆ ಸಮಯ ಅರ್ಧ ಆಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. 7.8ರ ಬಲಗೈ ಲೆಕ್ಕ ಹಾಕಿದರೆ 50 ನಿಮಿಷಕ್ಕೇ ಮೊದಲ ಗೆರೆ.

ಈ ಗಂಟೆ ಅಂದರೆ ಎಂಜಿನ್ ಓಡುತ್ತಾ ಕೈಯಲ್ಲಿರುವ ಗಂಟೆ. ಬೀಡಿ ಸೇದುತ್ತಾ ಕೂತದ್ದು, ಕೊಂಬೆ ಎಳೆದದ್ದು ಇದರಲ್ಲಿ ಇಲ್ಲ. ಆದರೆ ಐಡಲ್‌ನಲ್ಲಿ, ಅಂದರೆ ಕೊಯ್ಯದೆ ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ, ಹಿಡಿದು ನಿಂತದ್ದು ಸೇರುತ್ತದೆ, ಯಾಕೆಂದರೆ 80 ಸಿಸಿಗಿಂತ ಕಡಿಮೆಯ ಮಿಷನ್‌ಗಳ ಅಂಕಿ ತೆಗೆಯುವಾಗಲೇ ಐಡಲ್, ಪೂರ್ತಿ ಲೋಡ್, ಲೋಡ್ ಇಲ್ಲದೆ ಜೋರು ಓಟ ಮೂರನ್ನೂ ಸಮ ಪಾಲಿಗೆ ಸೇರಿಸಿರುತ್ತಾರೆ. ಹಾಗಾಗಿ ಬರೀ ದಪ್ಪ ಮರವನ್ನೇ ಬಿಡದೆ ಕೊಯ್ಯುವವರ ಕೈಗೆ ಬರುವುದು ಪುಸ್ತಕದ ಅಂಕಿಯೇ ಅಂತ ನಂಬಿ ಕೂರಬೇಡಿ.

ಇದೆಲ್ಲ ಸುಮ್ನೆ ಅಂಕಿ ಆಟ ಅಲ್ಲ. ನಮ್ಮ ಕಡೆ ವರ್ಷಗಟ್ಟಲೆ ಮಿಷನ್ ಹಿಡಿದು ಸೈ ಅನ್ನಿಸಿಕೊಂಡ ಒಬ್ಬರಿದ್ದಾರೆ. ಡಿಸೆಂಬರ್ ಬೆಳಗ್ಗೆ ಬೈಕಿನಲ್ಲಿ ಬಂದು ಇಳಿದಾಗ ಅವರ ಎರಡು ಬೆರಳು ತುದಿಯಿಂದ ಮಧ್ಯದ ಗಂಟಿನವರೆಗೆ ಬೆಳ್ಳಗೆ, ರಕ್ತವೇ ಇಲ್ಲದ ಹಾಗೆ ಆಗಿರುತ್ತವೆ. ಚಹಾದ ಲೋಟವನ್ನು ಎರಡೂ ಅಂಗೈಯಲ್ಲಿ ಒತ್ತಿ ಹಿಡಿದು ಕೂರುತ್ತಾರೆ, ಬೆರಳಿನಿಂದ ಹಿಡಿಯುವುದಿಲ್ಲ. ಆಮೇಲೆ ಬಣ್ಣ ಮರಳಿ ಬರುವಾಗ ಉರಿ. ಅಂಗಿಯ ಗುಂಡಿ ಹಾಕಲು ಹೆಂಡತಿ ಬೇಕು. ಥಂಡಿಗೆ ಅಂತ ಅವರು ಅಂದುಕೊಂಡಿದ್ದರು. ಥಂಡಿ ನೆಪ ಮಾತ್ರ. ಅದುರಿಗೆ ಬೆರಳಿನ ಸಣ್ಣ ರಕ್ತನಾಳ ಮತ್ತು ನರಗಳು ಹಾಳಾದಾಗ ಹೀಗಾಗುತ್ತದೆ, 1960ರ ದಶಕದಲ್ಲಿ ಯುರೋಪ್ ಮತ್ತು ಜಪಾನಿನ ಕಾಡುಗಳಲ್ಲಿ ಮರ ಕೊಯ್ಯುವವರಲ್ಲಿ ಇದು ದೊಡ್ಡ ಸಮಸ್ಯೆಯಾಗಿತ್ತು. ಅದುರು ತಡೆಯುವ ಹ್ಯಾಂಡಲ್‌ಗಳು ಬಂದದ್ದೂ ಅದೇ ದಶಕದಲ್ಲಿ. ನರಕ್ಕೆ ಆದ ಹಾನಿ ಜಾಸ್ತಿಯಾದ ಮೇಲೆ ಪೂರ್ತಿ ವಾಪಸ್ ಬರುವುದಿಲ್ಲ. ಮೊದಲ ಸೂಚನೆ ತುಂಬಾ ಚಿಕ್ಕದು: ಕೆಲಸ ಮುಗಿದ ರಾತ್ರಿ ಬೆರಳು ಜುಮ್ ಅನ್ನುವುದು. ಅದನ್ನು ನಮ್ಮವರು ಯಾರಿಗೂ ಹೇಳುವುದಿಲ್ಲ, ನೀವೇ ಕೇಳಬೇಕು.

ಗ್ಲೌಸ್ ಹಾಕಿದರೆ ಆಗಲ್ವಾ ಅಂತ ಕೇಳುತ್ತಾರೆ. ಕೈ ಬೆಚ್ಚಗೆ, ಒಣಗಿ ಇರುತ್ತದೆ, ಅದು ದೊಡ್ಡ ಉಪಕಾರವೇ, ಮಳೆಯಲ್ಲಿ ಒದ್ದೆ ಕೈಯಲ್ಲಿ ಹಿಡಿಯುವುದಕ್ಕಿಂತ ಸಾವಿರ ಪಾಲು ಒಳ್ಳೆಯದು. ಆದರೆ ಅದುರು ತಡೆಯುವ ಗ್ಲೌಸ್ ಅಂತ ಮಾರುವುದನ್ನು ನಂಬಿ 7ರ ಮಿಷನ್ ಅನ್ನು 3.5 ಮಾಡಿಕೊಂಡೆ ಅಂತ ತಿಳಿಯಬೇಡಿ. ಹ್ಯಾಂಡಲ್ ಅನ್ನು ಗಟ್ಟಿ ಅಮುಕಿ ಹಿಡಿದಷ್ಟೂ ಅದುರು ಕೈಗೆ ಜಾಸ್ತಿ ಇಳಿಯುತ್ತದೆ. ಗಟ್ಟಿ ಅಮುಕುವುದು ಯಾವಾಗ? ಚೈನ್ ಮೊಂಡಾದಾಗ.

ಚೈನ್ ವಿಷಯಕ್ಕೆ ಇಲ್ಲೇ ಬರುತ್ತೇನೆ, ಯಾಕೆಂದರೆ ಯಾವ ಕಂಪನಿಯ ಮಿಷನ್ ಅನ್ನುವುದಕ್ಕಿಂತ ಚೈನ್ ಹೇಗಿದೆ ಅನ್ನುವುದು ಕೈಗೆ ಮೊದಲು ಗೊತ್ತಾಗುತ್ತದೆ. ಹರಿತವಾದ ಚೈನ್ ಮರವನ್ನು ತಾನೇ ಎಳೆದುಕೊಂಡು ಕೊಯ್ಯುತ್ತದೆ, ಮಿಷನ್‌ನ ತೂಕವೇ ಸಾಕು, ಕೆಳಗೆ ದಪ್ಪ ಚಕ್ಕೆ ಬೀಳುತ್ತದೆ. ಮೊಂಡಾದರೆ ಹಿಟ್ಟಿನಂಥ ಪುಡಿ ಬೀಳುತ್ತದೆ, ಒತ್ತಬೇಕಾಗುತ್ತದೆ, ಮಿಷನ್ ಕುಣಿಯುತ್ತದೆ, ಬಾರ್ ಬಿಸಿಯಾಗುತ್ತದೆ. ಪುಡಿ ಕಂಡ ತಕ್ಷಣ ನಿಲ್ಲಿಸಿ ಅರ ಹಾಕುವ ಅಭ್ಯಾಸ ಇದ್ದರೆ ಸಾಧಾರಣ ಮಿಷನ್ ಕೂಡ ಸಹಿಸಬಹುದು. ಅರದ ಸೈಜ್ ಚೈನಿಗೆ ತಕ್ಕಂತೆ ಇರಬೇಕು. ಎಂಎಸ್ 180ಯಲ್ಲಿ ಬರುವ ಚಿಕ್ಕ ಚೈನಿಗೆ 4 ಮಿಮೀ, 50 ಸಿಸಿ ಮಿಷನ್‌ಗಳಲ್ಲಿ ಸಾಮಾನ್ಯವಾದ .325 (ಕೊಂಡಿಗಳ ಅಂತರದ ಅಳತೆ, ಇಂಚಿನಲ್ಲಿ) ಚೈನಿಗೆ 4.8 ಮಿಮೀ, ದೊಡ್ಡ ಮಿಷನ್‌ಗಳ ದಪ್ಪ 3/8 ಚೈನಿಗೆ 5.2 ಮಿಮೀ. ನಾನು ನೋಡಿದ ಎಷ್ಟೋ ತೋಟಗಳಲ್ಲಿ ಎಲ್ಲದಕ್ಕೂ ಒಂದೇ ಅರ. ಇನ್ನೊಂದು ತಪ್ಪು ಏನೆಂದರೆ ಹಲ್ಲಿನ ಮುಂದೆ ಇರುವ ಆ ಗುಬುಟು, ಡೆಪ್ತ್ ಗೇಜ್ ಅನ್ನುತ್ತಾರೆ, ಅದನ್ನು ಜೋರಾಗಿ ಕೊಯ್ಯಲಿ ಅಂತ ತೀರಾ ಕೆಳಗೆ ಉಜ್ಜಿಬಿಡುವುದು. ಅದು ಹಲ್ಲಿನ ತುದಿಗಿಂತ 0.65 ಮಿಮೀ ಕೆಳಗಿದ್ದರೆ ಸಾಕು. ಅದಕ್ಕಿಂತ ಕೆಳಗೆ ಹೋದರೆ ಪ್ರತಿ ಹಲ್ಲೂ ಮರವನ್ನು ಕಚ್ಚಿ ಜಗ್ಗುತ್ತದೆ, ಅದುರು ಏರುತ್ತದೆ, ಮಿಷನ್ ಹಿಂದಕ್ಕೆ ಒದೆಯುವ ಭಯವೂ ಏರುತ್ತದೆ. ಮಣ್ಣಿನ ಮೇಲೆ ಎಳೆದು ತಂದ ದಿಮ್ಮಿಗಳನ್ನೇ ಜಾಸ್ತಿ ಕೊಯ್ಯುವುದಾದರೆ ಚೂಪು ಮೂಲೆಯ ಫುಲ್ ಚಿಸೆಲ್ ಚೈನ್ ಬೇಡ, ಮೂಲೆ ದುಂಡಗಿರುವ ಸೆಮಿ ಚಿಸೆಲ್ ತಗೊಳ್ಳಿ, ಹರಿತ ಹೆಚ್ಚು ಹೊತ್ತು ನಿಲ್ಲುತ್ತದೆ.

ಈಗ 50 ಸಿಸಿಯ ಎರಡು ಪ್ರೊಫೆಷನಲ್ ಮಿಷನ್‌ಗಳನ್ನು ಎದುರುಬದುರು ಇಡೋಣ, ತೋಟದವರಿಗೆ ನಿಜವಾಗಿ ಇದೇ ಮುಖ್ಯ ಆಯ್ಕೆ. ಒಂದು ಕಡೆ ಜರ್ಮನಿಯ ಸ್ಟಿಲ್ ಎಂಎಸ್ 261 ಸಿ-ಎಂ. ಇನ್ನೊಂದು ಕಡೆ ಸ್ವೀಡನ್ನಿನ ಹಸ್ಕ್ವರ್ನಾ 550 ಎಕ್ಸ್‌ಪಿ ಮಾರ್ಕ್ 2. ಅದು 50.1 ಸಿಸಿ, ಅದೇ 3 ಕಿಲೋವ್ಯಾಟ್, ತೂಕ 5.3 ಕೆಜಿ. ಪವರ್ ಒಂದೇ. ಅದುರು ಎರಡರಲ್ಲೂ ಕಡಿಮೆ, ಅದರ ಮೇಲೆ ತೀರ್ಮಾನ ಮಾಡುವಂತಿಲ್ಲ. ಎರಡರಲ್ಲೂ ಪೆಟ್ರೋಲ್ ಗಾಳಿ ಬೆರೆಸುವ ಕಾರ್ಬೊರೇಟರ್ ಅನ್ನು ಸ್ಕ್ರೂಡ್ರೈವರ್ ಹಾಕಿ ತಿರುಗಿಸುವ ಕೆಲಸ ಇಲ್ಲ. ಒಂದರಲ್ಲಿ ಎಂ-ಟ್ರಾನಿಕ್, ಇನ್ನೊಂದರಲ್ಲಿ ಆಟೋಟ್ಯೂನ್, ಹೆಸರು ಬೇರೆ ಕೆಲಸ ಒಂದೇ: ಎತ್ತರ, ಬಿಸಿಲು, ಪೆಟ್ರೋಲ್, ಫಿಲ್ಟರ್ ಕಟ್ಟಿಕೊಂಡದ್ದು ಎಲ್ಲ ನೋಡಿಕೊಂಡು ಎಂಜಿನ್ ತಾನೇ ಸರಿ ಮಾಡಿಕೊಳ್ಳುತ್ತದೆ. ಪೆಟ್ರೋಲ್ ಸರಿಯಾಗಿ ಸುಟ್ಟರೆ ಹೊಗೆಯೂ ಕಡಿಮೆ. ಕಾಫಿ ಗಿಡಗಳ ಮಧ್ಯೆ ಗಾಳಿ ಆಡದ ಜಾಗದಲ್ಲಿ ಬಗ್ಗಿ ಕೊಯ್ಯುವವರಿಗೆ ಇದು ಸಣ್ಣ ವಿಷಯ ಅಲ್ಲ.

ಹಾಗಾದರೆ ವ್ಯತ್ಯಾಸ ಎಲ್ಲಿ? 400 ಗ್ರಾಂ ತೂಕದಲ್ಲಿ. ನಾನು ಇದನ್ನು ಕಡೆಗಣಿಸುವುದಿಲ್ಲ. ಪುಸ್ತಕದ ತೂಕ ಬಾರ್, ಚೈನ್, ಪೆಟ್ರೋಲ್, ಆಯಿಲ್ ಇಲ್ಲದ ತೂಕ. ಎಲ್ಲ ಸೇರಿದರೆ 261 ಕೂಡ ಆರೂವರೆ ಕೆಜಿ ಹತ್ತಿರ ಹೋಗುತ್ತದೆ. ಇಳಿಜಾರಿನ ತೋಟದಲ್ಲಿ ಒಂದು ಮರದಿಂದ ಇನ್ನೊಂದಕ್ಕೆ ಹತ್ತಿ ಇಳಿದು, ಬಿದ್ದ ಮರದ ಕೊಂಬೆ ಸವರುತ್ತಾ ಮಿಷನ್ ಅನ್ನು ಆಚೆ ಈಚೆ ತಿರುಗಿಸುವವರಿಗೆ ಆ 400 ಗ್ರಾಂ ಮಧ್ಯಾಹ್ನದ ಮೇಲೆ ಗೊತ್ತಾಗುತ್ತದೆ. ನೆಲದ ಮೇಲೆ ದಿಮ್ಮಿ ತುಂಡು ಮಾಡುವುದೇ ಮುಖ್ಯ ಕೆಲಸವಾದರೆ ಗೊತ್ತಾಗುವುದಿಲ್ಲ. ಆದರೂ ನಿಮ್ಮ ಊರಿಗೆ ಹತ್ತಿರ ಹಸ್ಕ್ವರ್ನಾ ಸರ್ವಿಸ್ ಇದ್ದು ಸ್ಟಿಲ್ ಸರ್ವಿಸ್ ದೂರ ಇದ್ದರೆ ನಾನು ಕಣ್ಣು ಮುಚ್ಚಿ ಹಸ್ಕ್ವರ್ನಾ ತಗೊಳ್ಳಿ ಅನ್ನುತ್ತೇನೆ. ಉಲ್ಟಾ ಇದ್ದರೆ ಉಲ್ಟಾ. ಆಟೋ ಕಾರ್ಬೊರೇಟರ್ ಇರುವ ಮಿಷನ್‌ಗಳನ್ನು ಊರಿನ ಮೆಕ್ಯಾನಿಕ್ ಬರೀ ಕಿವಿಯಲ್ಲಿ ಕೇಳಿ ಟ್ಯೂನ್ ಮಾಡಲು ಆಗುವುದಿಲ್ಲ, ಕಂಪನಿಯ ಟೂಲ್ ಬೇಕು. ಮಳೆಗಾಲದಲ್ಲಿ ಪಾರ್ಟ್‌ಗೋಸ್ಕರ ಹತ್ತು ದಿನ ಕಾಯುವ ಮಿಷನ್ ಎಷ್ಟು ಒಳ್ಳೆಯದಾದರೇನು?

ಒಂದು ಪುಟ್ಟ ವಿಷಯ, ಆದರೆ ನನಗೆ ಇಷ್ಟವಾದದ್ದು. ಎರಡರಲ್ಲೂ ಬಾರ್ ಕವರಿನ ನಟ್ ಬಿಚ್ಚಿದರೂ ಕವರಿನಲ್ಲೇ ಉಳಿಯುತ್ತದೆ, ಕೆಳಗೆ ಬೀಳುವುದಿಲ್ಲ. ಮೊಣಕಾಲುದ್ದ ಒಣ ಎಲೆ ಬಿದ್ದ ತೋಟದಲ್ಲಿ ನಟ್ ಕಳೆದು ಇಡೀ ಆಳುಗಳ ಗುಂಪು ಹುಡುಕುತ್ತಾ ಕೂತದ್ದನ್ನು ನೋಡಿದವರಿಗೆ ಇದರ ಬೆಲೆ ಗೊತ್ತು.

ದೊಡ್ಡ ಮಿಷನ್‌ಗಳ ಬಗ್ಗೆ ಚಿಕ್ಕದಾಗಿ. ಟಿಂಬರ್ ಕಂಟ್ರಾಕ್ಟ್ ಮಾಡುವವರು, ಎಂಟು ಹತ್ತು ಅಡಿ ಸುತ್ತಳತೆಯ ಮರ ಕೊಯ್ಯುವವರು 70 ಸಿಸಿ ಮೇಲೆ ಹೋಗಲೇಬೇಕು. ಅಲ್ಲಿ ನೋಡಬೇಕಾದದ್ದು ಒಂದು ಕಿಲೋವ್ಯಾಟ್‌ಗೆ ಎಷ್ಟು ಕೆಜಿ ಹೊರಬೇಕು ಅನ್ನುವುದು. ಎಂಎಸ್ 462 ಇರುವುದು 72.2 ಸಿಸಿ, 4.4 ಕಿಲೋವ್ಯಾಟ್, 6 ಕೆಜಿ, ಅದುರು 3.9 ಮತ್ತು 3.3. ಹಸ್ಕ್ವರ್ನಾ 572 ಎಕ್ಸ್‌ಪಿ 70.6 ಸಿಸಿ, 4.3 ಕಿಲೋವ್ಯಾಟ್, ಆರೂವರೆ ಕೆಜಿಗಿಂತ ಸ್ವಲ್ಪ ಮೇಲೆ. ಎಂಎಸ್ 500ಐ ಬೇರೆಯೇ ಜಾತಿ. ಅದರಲ್ಲಿ ಕಾರ್ಬೊರೇಟರ್ ಇಲ್ಲ, ಎಲೆಕ್ಟ್ರಾನಿಕ್ ಇಂಜೆಕ್ಷನ್ ಇದೆ. ಚೈನ್ ಸಾಗಳಲ್ಲಿ ಹೀಗೆ ಮಾರುಕಟ್ಟೆಗೆ ಬಂದದ್ದು ಅದೇ ಮೊದಲು. 79.2 ಸಿಸಿ, 5 ಕಿಲೋವ್ಯಾಟ್, 6.2 ಕೆಜಿ, ಅಂದರೆ ಕಿಲೋವ್ಯಾಟ್‌ಗೆ 1.24 ಕೆಜಿ ಮಾತ್ರ. ಎಂಎಸ್ 180ಯಲ್ಲಿ ಇದೇ ಲೆಕ್ಕ ಹಾಕಿದರೆ 1.4 ಕಿಲೋವ್ಯಾಟ್‌ಗೆ 4.1 ಕೆಜಿ, ಹೆಚ್ಚುಕಡಿಮೆ ಮೂರು ಕೆಜಿ ಬರುತ್ತದೆ. ಕೇಳಲು ಆಸೆಯಾಗುತ್ತದೆ, ಆದರೆ ಕಾಫಿ ತೋಟದ ಮಾಮೂಲಿ ಕೆಲಸಕ್ಕೆ ನಾನು ಇವನ್ನು ಹೇಳುವುದಿಲ್ಲ. ಐದಡಿ ಸಿಲ್ವರ್ ಓಕ್‌ಗೆ 20 ಇಂಚು ಬಾರ್, 70 ಸಿಸಿ ಹಿಡಿದು ಇಳಿಜಾರಿನಲ್ಲಿ ನಿಲ್ಲುವುದು ಸುಮ್ನೆ ಬೆನ್ನಿಗೆ ಕೊಡುವ ಶಿಕ್ಷೆ.

ಮರಗಸಿಗೆ ಮಿಷನ್ ಬೇಕು ಅನ್ನುವವರು ಜಾಸ್ತಿಯಾಗುತ್ತಿದ್ದಾರೆ, ಮರ ಹತ್ತಿ ಕತ್ತಿಯಲ್ಲಿ ಕಡಿಯುವವರು ಸಿಗುತ್ತಿಲ್ಲ ಅನ್ನುವುದೂ ನಿಜ. ಇದಕ್ಕೆ ಮೇಲೆ ಹ್ಯಾಂಡಲ್ ಇರುವ ಚಿಕ್ಕ ಮಿಷನ್‌ಗಳಿವೆ. ಎಂಎಸ್ 201 ಟಿ ಅಂಥದ್ದು, 35.2 ಸಿಸಿ, 1.8 ಕಿಲೋವ್ಯಾಟ್, 3.7 ಕೆಜಿ. ಇದು ಹಗ್ಗ, ಹಾರ್ನೆಸ್ ಕಟ್ಟಿಕೊಂಡು ಮರದ ಮೇಲೆ ಕೆಲಸ ಮಾಡಲು ತರಬೇತಿ ಆದವರಿಗೆ ಮಾತ್ರ. ಹಗುರ ಇದೆ ಅಂತ ಒಂದೇ ಕೈಯಲ್ಲಿ ಹಿಡಿಯುವ ಆಸೆ ಬರುತ್ತದೆ, ಅಲ್ಲೇ ಅಪಾಯ. ಒದ್ದರೆ ಬಾರ್ ನೇರ ಮುಖಕ್ಕೋ ಹೆಗಲಿಗೋ ಬರುತ್ತದೆ. ಹಾರ್ನೆಸ್ ಇಲ್ಲದವರಿಗೆ ದಯವಿಟ್ಟು ಇದನ್ನು ಕೊಡಬೇಡಿ. ನೆಲದಲ್ಲಿ ನಿಂತು ಎಟುಕುವಷ್ಟು ಕೊಂಬೆಗೆ ಉದ್ದ ಕೋಲಿನ ಪೋಲ್ ಪ್ರೂನರ್ ಎಷ್ಟೋ ವಾಸಿ, ಆದರೆ ಕರೆಂಟ್ ಲೈನಿನಿಂದ ಕಡಿಮೆ ಅಂದರೂ 15 ಮೀಟರ್ ದೂರ. ಅಲ್ಯೂಮಿನಿಯಂ ಏಣಿ ತಂತಿಗೆ ತಾಗಿ ಜೀವ ಹೋದ ಸುದ್ದಿ ನಮ್ಮ ಜಿಲ್ಲೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಈ ಕೋಲೂ ಲೋಹದ್ದೇ.

ಬ್ಯಾಟರಿ ಮಿಷನ್‌ಗಳು ಕೈಗೂ ಕಿವಿಗೂ ಸುಖ. ಹೊಗೆ ಇಲ್ಲ, ಐಡಲ್ ಇಲ್ಲ, ಟ್ರಿಗರ್ ಬಿಟ್ಟರೆ ಪೂರ್ತಿ ನಿಶ್ಶಬ್ದ. ಆದರೆ ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಇಲ್ಲದ ಊರಿನಲ್ಲಿ ದಾರಿಗೆ ಮರ ಬಿದ್ದಾಗ ಚಾರ್ಜ್ ಎಲ್ಲಿ ಮಾಡುತ್ತೀರಿ? ಮನೆ ಸುತ್ತಮುತ್ತ, ಗಿಡ ಸವರಲು, ಎರಡನೆಯ ಮಿಷನ್ ಆಗಿ ಓಕೆ. ಇರುವುದು ಒಂದೇ ಮಿಷನ್ ಆದರೆ ಸದ್ಯಕ್ಕೆ ಪೆಟ್ರೋಲ್‌ನದೇ ಇರಲಿ.

ಪೆಟ್ರೋಲ್ ಅಂದಾಗ ಒಂದು ಹೊಸ ತಲೆನೋವು. ಈಗ ಬಂಕ್‌ಗಳಲ್ಲಿ ಸಿಗುವುದು ಶೇ. 20 ಎಥನಾಲ್ ಸೇರಿದ ಪೆಟ್ರೋಲ್. ಕೈಯಲ್ಲಿ ಟ್ಯೂನ್ ಮಾಡುವ ಕಾರ್ಬೊರೇಟರ್ ಇರುವ ಮಿಷನ್‌ಗಳಿಗೆ ಶೇ. 10ಕ್ಕಿಂತ ಜಾಸ್ತಿ ಎಥನಾಲ್ ಹಾಕಬೇಡಿ ಅಂತ ಸ್ಟಿಲ್ ಪುಸ್ತಕದಲ್ಲೇ ಇದೆ. ಎಂ-ಟ್ರಾನಿಕ್ ಇರುವವು ಶೇ. 25ರವರೆಗೂ ಪೂರ್ತಿ ಪವರ್ ಕೊಡುತ್ತವೆ. ರೇಟ್ ಜಾಸ್ತಿಯಾದರೂ 261ರಂಥ ಮಿಷನ್ ತಗೊಳ್ಳಲು ಇದು ಇನ್ನೊಂದು ಕಾರಣ, ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಯಾವ ಮಿಷನ್ ಆದರೂ ಎಥನಾಲ್ ಗಾಳಿಯಿಂದ ನೀರು ಹೀರುತ್ತದೆ, ನಮ್ಮ ಮಳೆಗಾಲದ ಗಾಳಿಯಲ್ಲಂತೂ ಕೇಳಬೇಕೇ. ಕೆಲಸ ಮುಗಿದು ತಿಂಗಳುಗಟ್ಟಲೆ ಇಡುವುದಾದರೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನೇ ನಿಲ್ಲುವವರೆಗೆ ಓಡಿಸಿ ಇಡಿ. ಮಿಕ್ಸ್ ಮಾಡುವ ಆಯಿಲ್ ಕಂಪನಿಯದೇ ಆದರೆ 50ಕ್ಕೆ 1. ಸಿಕ್ಕ ಟೂಸ್ಟ್ರೋಕ್ ಆಯಿಲ್ ಆದರೆ 25ಕ್ಕೆ 1 ಅಂತ ಸ್ಟಿಲ್ ಹೇಳುತ್ತದೆ.

ಕಿವಿಗೆ ಮಫ್ ಕಡ್ಡಾಯ, ಈ ಎಲ್ಲ ಪೆಟ್ರೋಲ್ ಮಿಷನ್‌ಗಳ ಸದ್ದು ಹಿಡಿದವರ ಕಿವಿಯಲ್ಲಿ ನೂರು ಡೆಸಿಬೆಲ್ ಮುಟ್ಟುತ್ತದೆ ಅಥವಾ ದಾಟುತ್ತದೆ. ಕಾಲಿಗೆ ಚೈನ್ ತಡೆಯುವ ಪ್ಯಾಂಟ್ ಅಥವಾ ಚಾಪ್ಸ್ ಇರಲಿ. ಅದರೊಳಗಿನ ಉದ್ದ ನೂಲು ಹೊರಗೆ ಬಂದು ಸ್ಪ್ರಾಕೆಟ್‌ಗೆ ಸುತ್ತಿಕೊಂಡು ಚೈನ್ ಅನ್ನು ನಿಲ್ಲಿಸುತ್ತದೆ. ಸೆಖೆ ಆಗುತ್ತದೆ ಅಂತ ನಮ್ಮವರು ಬಿಚ್ಚಿಡುತ್ತಾರೆ, ಅದಕ್ಕೆ ಪೂರ್ತಿ ಪ್ಯಾಂಟ್ ಬದಲು ಮುಂಭಾಗ ಮಾತ್ರ ಮುಚ್ಚುವ ಚಾಪ್ಸ್ ಕೊಟ್ಟರೆ ಹಾಕಿಕೊಳ್ಳುವ ಸಾಧ್ಯತೆ ಜಾಸ್ತಿ. ಮಿಷನ್ ಬಜೆಟ್ ಹಾಕುವಾಗಲೇ ಇದನ್ನೂ ಸೇರಿಸಿ.

ಹಾಗಾದರೆ ಯಾರಿಗೆ ಯಾವುದು? ವರ್ಷಕ್ಕೆ ಕೆಲವೇ ದಿನ, ದಿನಕ್ಕೆ ಅರ್ಧ ಮುಕ್ಕಾಲು ಗಂಟೆ ಕೆಲಸ ಇರುವ ಮನೆಗೆ ಎಂಎಸ್ 180 ಸಾಕು, ಮೇಲೆ ಹಾಕಿದ ಲೆಕ್ಕದಲ್ಲಿ ಅದು ಮೊದಲ ಗೆರೆಯೊಳಗೇ ಇರುತ್ತದೆ. ಎಂಎಸ್ 250 ಮಧ್ಯದ್ದು, ಸ್ವಂತಕ್ಕೆ ಆಗಾಗ ಬಳಸುವವರು ತಗೊಳ್ಳಬಹುದು, ಆಳಿನ ಕೈಗೆ ದಿನಗಟ್ಟಲೆ ಕೊಡುವುದಾದರೆ ಬೇಡ. ವಾರಗಟ್ಟಲೆ ಒಬ್ಬರೇ ಮಿಷನ್ ಹಿಡಿಯುವ ತೋಟಕ್ಕೆ 261 ಅಥವಾ 550 ಎಕ್ಸ್‌ಪಿ, ಇದರಲ್ಲಿ ನನಗೆ ಎರಡನೆಯ ಮಾತಿಲ್ಲ. ಒಬ್ಬರಿಗೆ ಆ ರೇಟ್ ಭಾರ ಅನ್ನಿಸಿದರೆ ಅಕ್ಕಪಕ್ಕದ ಎರಡು ತೋಟದವರು ಸೇರಿ ಒಂದು ತಗೊಳ್ಳಿ. ಎರಡು ಅಗ್ಗದ ಮಿಷನ್ ಇಟ್ಟುಕೊಳ್ಳುವುದಕ್ಕಿಂತ ಅದು ಒಳ್ಳೆಯದು. ಮಾಡೆಲ್‌ಗಳು ಬದಲಾಗುತ್ತಾ ಇರುತ್ತವೆ, ನಿಮ್ಮ ಡೀಲರ್ ಹತ್ತಿರ ಇದೇ ನಂಬರ್ ಇಲ್ಲದಿದ್ದರೆ ಪುಸ್ತಕ ತೆಗೆಸಿ ಅದುರು 4ರೊಳಗೆ, ಪವರ್ 3 ಕಿಲೋವ್ಯಾಟ್ ಆಸುಪಾಸು, ತೂಕ 5 ಕೆಜಿ ಆಸುಪಾಸು ಇರುವುದನ್ನು ಕೇಳಿ.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಎಂಜಿನ್ ಸ್ಟಾರ್ಟ್ ಮಾಡುವ ಮೊದಲೇ ಹಿಂದಿನ ಹ್ಯಾಂಡಲ್ ಹಿಡಿದು ಬಾರ್ ಅನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಒತ್ತಿ ನೋಡಿ. ಹಿತವಾಗಿ ಆಡಿ ವಾಪಸ್ ಬಂದರೆ ಸರಿ. ಲೊಡಲೊಡ ಅಂದರೆ ಸ್ಪ್ರಿಂಗ್ ಮುರಿದಿದೆ ಅಥವಾ ರಬ್ಬರ್ ಹರಿದಿದೆ. ಅಲ್ಲಾಡದೆ ಕಲ್ಲಿನ ಹಾಗೆ ನಿಂತರೆ ಮಧ್ಯದ ಸಂದಿಯಲ್ಲಿ ಪುಡಿ, ಆಯಿಲ್ ಗಟ್ಟಿಯಾಗಿ ಕೂತಿದೆ, ಅಥವಾ ರಬ್ಬರ್ ಸತ್ತಿದೆ. ಈ ಪಾರ್ಟ್‌ಗಳು ಎಂಜಿನ್ ಪಾರ್ಟ್‌ಗಳ ಮುಂದೆ ಅಗ್ಗ. ಬದಲಾಯಿಸಿಯೇ ಕೊಡಿ ಅಂತ ಕೇಳಿ, ಅಷ್ಟಕ್ಕೂ ಒಪ್ಪದವರ ಹತ್ತಿರ ತಗೊಳ್ಳಬೇಡಿ.

ಹೊಸದಾದರೆ ಮಿಷನ್ ಹಿಡಿಯುವವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ. ಖಾಲಿ ಮಿಷನ್ ಕೊಟ್ಟು ಹಗುರ ಇದೆ ಅಲ್ವಾ ಅಂತ ತೋರಿಸುತ್ತಾರೆ, ಅದನ್ನು ಒಪ್ಪಬೇಡಿ. ಬಾರ್, ಚೈನ್ ಹಾಕಿಸಿ, ಎರಡೂ ಟ್ಯಾಂಕ್ ತುಂಬಿಸಿ ಅವರ ಕೈಗೆ ಕೊಡಿಸಿ. ಮೊಣಕಾಲು ಬಾಗಿಸಿ ನೆಲದ ಹತ್ತಿರ ಹಿಡಿಯಲಿ, ಪಕ್ಕಕ್ಕೆ ಮಲಗಿಸಿ ಹಿಡಿಯಲಿ, ಗ್ಲೌಸ್ ಹಾಕಿಕೊಂಡು ಚೋಕ್, ಬ್ರೇಕ್ ಎಟುಕುತ್ತದಾ ನೋಡಲಿ, ನಾಲ್ಕು ಸಲ ಹಗ್ಗ ಎಳೆಯಲಿ. ದುಡ್ಡು ಕೊಡುವ ಮುಂಚೆ ಎರಡು ಸ್ಪೇರ್ ಚೈನ್, ಆ ಚೈನಿಗೆ ಸರಿಯಾದ ಸೈಜಿನ ಎರಡು ಅರ, ಒಂದು ಡೆಪ್ತ್ ಗೇಜ್ ಪಟ್ಟಿ ಅದೇ ಬಿಲ್‌ಗೆ ಸೇರಿಸಲು ಹೇಳಿ.